ನೀರಿಳಿಸಿದ ವಿಮರ್ಶೆ

ಪ್ರಪಂಚ ಮುಗಿದುಹೋಗುವುದನ್ನು ನನ್ನಷ್ಟು ಸಲ ಕಂಡವರು ನಮ್ಮ ಕಟ್ಟಡದಲ್ಲಿ ಇನ್ನೊಬ್ಬರಿಲ್ಲ. ವಾರಪತ್ರಿಕೆಯೊಂದಕ್ಕೆ ನಾನು ಪುಸ್ತಕ ವಿಮರ್ಶೆ ಬರೆಯುತ್ತೇನೆ. ನನ್ನ ಪಾಲಿಗೆ ಬರುವುದೆಲ್ಲ ಪ್ರಳಯದ ವೈಜ್ಞಾನಿಕ ಕಾದಂಬರಿಗಳು. ರೋಗದಿಂದ ಖಾಲಿಯಾದ ಪ್ರಪಂಚ, ಯಂತ್ರಗಳು ಆಳುವ ಪ್ರಪಂಚ, ಕನಸು ಕಾಣಲೂ ಸರ್ಕಾರದ ಪರವಾನಗಿ ಬೇಕಾದ ಪ್ರಪಂಚ, ಎಲ್ಲವನ್ನೂ ದಿಂಬಿಗೆ ಒರಗಿಕೊಂಡೇ ದಾಟಿ ಬಂದ ಧೀರ ನಾನು!

ಆ ಭಾನುವಾರ ಕೈಯಲ್ಲಿದ್ದದ್ದು ನೀರು ಬತ್ತಿದ ನಗರವೊಂದರ ಕಥೆ. ನಲ್ಲಿಯಲ್ಲಿ ಕೊನೆಯ ಸಲ ನೀರು ಬಂದ ದಿನ ನಾಯಕ ಮನೆಯ ಪಾತ್ರೆಗಳನ್ನೆಲ್ಲ ತುಂಬಿಸಿಟ್ಟು, ತಿಂಗಳುಗಟ್ಟಲೆ ಬದುಕುತ್ತಾನೆ. ಇದು ಸಾಧ್ಯವೇ? ಬೇರೆ ವಿಮರ್ಶಕನಾಗಿದ್ದರೆ ‘ನಂಬುವಂತಿಲ್ಲ’ ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದ. ನಾನು ಹಾಗಲ್ಲ. ಪರೀಕ್ಷೆ ಮಾಡಿಯೇ ಬರೆಯುವುದೆಂದು ಪಣ ತೊಟ್ಟೆ.

ನನ್ನಾಕೆ ತರಕಾರಿ ತರಲು ಹೋಗಿದ್ದಳು. ಬಕೆಟ್, ಕೊಡ, ಕುಕ್ಕರ್, ಬಾಣಲೆ, ಹೂದಾನಿ, ಎಲ್ಲಕ್ಕೂ ನೀರು ತುಂಬಿದೆ. ಅಮ್ಮನ ಹಲ್ಲಿನ ಸೆಟ್ಟು ಇಡುವ ಬಟ್ಟಲನ್ನೂ ಬಿಡಲಿಲ್ಲ.

ನನ್ನಾಕೆ ಬಂದವಳೇ ಬಾಗಿಲಲ್ಲೇ ನಿಂತಳು.

“ರೀ, ಏನಿದು?”

“ಸಂಶೋಧನೆ.”

“ಅನ್ನ ಯಾವುದರಲ್ಲಿ ಮಾಡ್ಲಿ? ನಿಮ್ಮ ತಲೆ ಮೇಲಾ?”

“ಕಾದಂಬರಿ ನಾಯಕನ ಹೆಂಡ್ತಿ ಹೀಗೆಲ್ಲ ಕೇಳಲ್ಲ.”

“ಅವಳು ಎಲ್ಲಿದಾಳೆ?”

“ಮೊದಲನೇ ಅಧ್ಯಾಯದಲ್ಲೇ ಅವನನ್ನ ಬಿಟ್ಟು ಹೋಗ್ತಾಳೆ.”

“ಜಾಣೆ!”

ಅಷ್ಟರಲ್ಲಿ ಎದುರು ಮನೆಯ ಟೈಲರ್ ತೆರೆದ ಬಾಗಿಲಿನಿಂದ ಇಣುಕಿದರು. “ಯಾಕೆ ಸಾರ್, ಇಷ್ಟೊಂದು ನೀರು ಹಿಡಿದಿಟ್ಟಿದೀರಾ?”

“ನಾಳೆಯಿಂದ ಇಡೀ ನಗರಕ್ಕೇ ನೀರಿಲ್ಲ...” ಎಂದು ಕಥೆ ಹೇಳಲು ಶುರುಮಾಡಿದೆ. ಎರಡನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಅವರು ಮೆಟ್ಟಿಲಿಳಿಯುತ್ತ ಮನೆಮನೆಯ ಬಾಗಿಲು ಬಡಿಯುತ್ತಿದ್ದರು. ನನ್ನ ಮಾತಿಗೆ ಓದುಗರು ಇಷ್ಟು ಬೇಗ ಸ್ಪಂದಿಸಿದ್ದೇ ಇರಲಿಲ್ಲ!

ಮೇಲೆ, ಕೆಳಗೆ, ಪಕ್ಕದಲ್ಲಿ ನಲ್ಲಿಗಳು ಭೋರ್ಗರೆಯತೊಡಗಿದವು.

“ಹೋಗ್ರೀ, ಅದು ಕಥೆ ಅಂತ ಹೇಳಿ ಬನ್ನಿ!” ಎಂದಳು ನನ್ನಾಕೆ.

“ಈ ಅಧ್ಯಾಯ ಮುಗಿಸಿ ಹೋಗ್ತೀನಿ.”

ಅಧ್ಯಾಯ ಮುಗಿಯುವ ಮೊದಲೇ ತಾರಸಿಯ ಟ್ಯಾಂಕ್ ಮುಗಿಯಿತು. ಯಾರೋ ಪಂಪು ಹಾಕಿದರು. ನೆಲದಡಿಯ ತೊಟ್ಟಿಯೂ ಬರಿದಾಯಿತು. ಪಂಪು ಮಾತ್ರ ಬರೀ ಗಾಳಿ ಎಳೆಯುತ್ತ ಓಡಿ ಓಡಿ, ಕೊನೆಗೆ ಸುಟ್ಟ ವಾಸನೆ ಬಿಟ್ಟು ಸುಮ್ಮನಾಯಿತು. ಮೆಕ್ಯಾನಿಕ್ ಬಂದು ನೋಡಿ, “ಪೂರ್ತಿ ಸುಟ್ಟೋಗಿದೆ. ಹೊಸದು ಬರೋಕೆ ಮೂರ್ನಾಲ್ಕು ದಿನ ಆಗುತ್ತೆ” ಎಂದ.

ಪಂಪಿನ ಸುತ್ತ ನೆರೆದವರ ನಡುವೆ ನನಗೆ ಜಯಕಾರ! “ಸಾರ್ ಮೊದಲೇ ಹೇಳಿದ್ರಿಂದ ಬಚಾವಾದ್ವಿ. ನೋಡಿ, ಒಂದು ದಿನ ಮುಂಚೇನೇ ನಿಂತೋಯ್ತು!” ಎಂದರು ಟೈಲರ್. ನನ್ನ ಎದೆ ತಾನಾಗಿಯೇ ಉಬ್ಬಿತು. ನನ್ನಾಕೆ ನನ್ನನ್ನೇ ನೋಡುತ್ತಿದ್ದಳು. ನಾನು ಬೇರೆಲ್ಲೋ ನೋಡಿದೆ.

ಆಗ ಮೇಲಿನ ಮಹಡಿಯ ನರ್ಸ್ ಇಳಿದು ಬಂದಳು. ಎರಡು ಪಾಳಿ ಮುಗಿಸಿ ಆಗಷ್ಟೇ ಮನೆ ಸೇರಿದ್ದಳು. “ನಲ್ಲೀಲಿ ಒಂದು ಹನಿ ಇಲ್ಲ. ಸ್ನಾನ ಮಾಡದೆ ಮಗೂನ ಎತ್ಕೊಳ್ಳೋ ಹಾಗಿಲ್ಲ, ಅದು ಅಳೋದು ನಿಲ್ಲಿಸ್ತಿಲ್ಲ. ಯಾರಾದ್ರೂ ಒಂದು ಬಕೆಟ್ ಕೊಡ್ತೀರಾ?” ಎಂದಳು. ಅವಳ ದನಿಯೂ ಅಳುವಿನಂತೆಯೇ ಇತ್ತು.

ಉಬ್ಬಿದ ಎದೆ ಚಪ್ಪಟೆಯಾಯಿತು.

“ನೀರು ನಿಲ್ಸಿದ್ದು ಬೇರೆ ಯಾರೂ ಅಲ್ಲ, ನಾನೇ. ನಾನು ಹೇಳಿದ್ದು ಪುಸ್ತಕದ ಕಥೆ” ಎಂದೆ.

“ಕಥೆನಾ?” ಎಂದರು ಟೈಲರ್. ಒಬ್ಬೊಬ್ಬರಾಗಿ ಎಲ್ಲರೂ ತಮ್ಮ ತಮ್ಮ ಮನೆಯತ್ತ ತಿರುಗಿದರು. ಬೈದಿದ್ದರೇ ಚೆನ್ನಾಗಿತ್ತು.

ಮನೆಗೆ ಓಡಿ, ಎರಡು ತುಂಬಿದ ಬಕೆಟ್ ಎತ್ತಿಕೊಂಡು ಮೇಲಿನ ಮಹಡಿ ಹತ್ತಿದೆ. ಹೊಸ ಪಂಪು ಬರುವವರೆಗೂ ಬೀದಿ ಕೊನೆಯ ನಲ್ಲಿಯಿಂದ ಮನೆಮನೆಗೂ ನೀರು ಹೊತ್ತೆ. ಪ್ರಳಯದ ನಂತರದ ಬದುಕು ಬೆನ್ನುಮೂಳೆಯ ಕೆಳತುದಿಯಲ್ಲಿ ಶುರುವಾಗುತ್ತದೆ ಎಂಬುದನ್ನು ಯಾವ ಕಾದಂಬರಿಕಾರನೂ ಬರೆದಿಲ್ಲ. ಕೊನೆಯ ದಿನ ನರ್ಸ್ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲು ತೆರೆದಳು.

“ಸಾರ್, ಆ ಕಥೇಲಿ ಕೊನೆಗೆ ಎಲ್ರೂ ಉಳೀತಾರಾ?”

“ಓದೋಕೆ ಪುರಸೊತ್ತೇ ಸಿಕ್ಕಿಲ್ಲಮ್ಮ!”

ಅವಳು ನಕ್ಕಳು. ನನಗೆ ಉಸಿರು ಬಂತು.

ಮರುವಾರ ಪತ್ರಿಕೆಯಿಂದ ಹೊಸ ಪುಸ್ತಕ ಬಂತು. ನನ್ನಾಕೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಇದರಲ್ಲಿ ಪ್ರಪಂಚ ಹೇಗೆ ಮುಗಿಯುತ್ತೆ?”

“ಬೆಂಕಿಯಿಂದ.”

ಅವಳು ಪುಸ್ತಕ ಕೆಳಗಿಟ್ಟಳು. ಅಡುಗೆಮನೆಗೆ ಹೋಗಿ, ಇದ್ದ ಬೆಂಕಿಪೊಟ್ಟಣಗಳನ್ನೆಲ್ಲ ಸೆರಗಿಗೆ ತುಂಬಿಕೊಂಡು ಬಂದಳು. “ಅತ್ತೆ, ಇವನ್ನ ಸ್ವಲ್ಪ ನಿಮ್ಮ ಹತ್ರ ಇಟ್ಕೊಂಡಿರಿ.”

ನನ್ನನ್ನು ಹೆತ್ತ ತಾಯಿ, ಯಾಕೆಂದು ಒಂದು ಮಾತೂ ಕೇಳದೆ, ಇಟ್ಟುಕೊಂಡರು!