ಬೋರ್ಡ್ ನೋಡಿ ಬರಿಯಂಗಿಲ್ಲ

ಕಂಪನಿಗಳ ಮಾಹಿತಿ ಕೇಳಿಕೊಂಡು ಊರೂರು ತಿರುಗುವವರಿಗೆ ನಗುವುದಕ್ಕೆ ಬೇರೆ ಕಾರಣ ಬೇಕಿಲ್ಲ. ವಾರಕ್ಕೊಂದಾದರೂ ತಮಾಷೆ ನಡೆದೇ ತೀರುತ್ತದೆ. ಕೊಪ್ಪಳ ಹೊಸದಾಗಿ ಜಿಲ್ಲೆಯಾದಾಗ, ಇಲ್ಲಿಯ ಗಿರಣಿ, ಕಾರ್ಖಾನೆಗಳ ಮಾಹಿತಿ ಪುಸ್ತಕ ತರಲು ಹೊರಟಿದ್ದ ಸಣ್ಣ ಸಂಸ್ಥೆಯೊಂದರಲ್ಲಿ ನಾನು ಕೆಲಸಕ್ಕೆ ಸೇರಿದೆ. ಮ್ಯಾನೇಜರರು ಮೊದಲ ದಿನವೇ, "ಹೆಣ್ಮಗಳು ಇದ್ದೀರಿ, ಬಿಸಲಾಗ ಯಾಕ ಅಡ್ಡಾಡ್ತೀರಿ? ಫೋನ್ ಮಾಡ್ರಿ, ಬರ್ಕೋರಿ" ಅಂದರು.

"ಫೋನಿನಾಗ ಗಿರಣಿ ಕಾಣಂಗಿಲ್ರಿ ಸರ್" ಎಂದು ಫಾರಂ ಕಟ್ಟು ಹಿಡಿದು ಬಸ್ ಹತ್ತಿದೆ.

ಸಾವಕಾರ್ರು ಇಲ್ಲ

ಗಂಗಾವತಿಯ ಒಂದು ಅಕ್ಕಿ ಗಿರಣಿ. ಗಾದಿಯ ಮೇಲೆ ದಿಂಬಿಗೆ ಒರಗಿ ಕುಳಿತಿದ್ದವರು ನನ್ನ ಫಾರಂ ಕಂಡ ಕೂಡಲೇ, "ಸಾವಕಾರ್ರು ಇಲ್ಲ ತಂಗಿ" ಅಂದರು.

"ಯಾವಾಗ ಬರ್ತಾರ್ರಿ?"

"ಹೇಳಾಕ ಬರಂಗಿಲ್ಲ."

"ಕುಂದರ್ತೀನ್ರಿ" ಎಂದು ಎದುರಿನ ಅಕ್ಕಿ ಚೀಲದ ಮೇಲೆ ಕುಳಿತೆ. ಮಧ್ಯಾಹ್ನ ಹಮಾಲನೊಬ್ಬ ಬುತ್ತಿ ತಂದು ಅವರ ಮುಂದಿಟ್ಟು, "ಸಾವಕಾರ್ರ, ಊಟ ಬಂತ್ರಿ" ಅಂದ.

ಅವರು ನನ್ನ ಕಡೆ ನೋಡಿದರು. "ಅಲ್ಲೇ ಇಡಪಾ. ಸಾವಕಾರ್ರು ಬಂದಮ್ಯಾಲೆ ಉಣ್ತಾರ."

ಹಮಾಲ ಬಾಯಿ ತೆರೆದು ನಿಂತ. ನಾನು ಏಳಲಿಲ್ಲ. ಬದನೆಕಾಯಿ ಪಲ್ಯದ ವಾಸನೆ ಇಬ್ಬರ ಮೂಗಿಗೂ ಬಡಿಯುತ್ತಿತ್ತು. ಅರ್ಧ ತಾಸು ತಡೆದರು. ಕೊನೆಗೆ ಬುತ್ತಿ ಎಳೆದುಕೊಂಡು ಹೇಳಿದರು: "ಬರ್ಕೋ ತಂಗಿ. ಈಗ ಬಂದ್ರು ಸಾವಕಾರ್ರು."

ಬಾಜೂ ಗಿರಣಿ

ಕಾರಟಗಿಯಲ್ಲಿ ಯಾವ ಗಿರಣಿಗೆ ಹೋದರೂ ಒಂದೇ ಮಾತು: "ಧಂದೆ ಏನೂ ಇಲ್ರಿ, ನಾಳೆ ಕೀಲಿ ಹಾಕೋದ."

"ಬಾಜೂದವರದು ಹೆಂಗೈತ್ರಿ?" ಎಂದರೆ ಮಾತ್ರ ಕಣ್ಣು ಅರಳುತ್ತಿದ್ದವು. "ಅವರದೇನ್ರಿ! ಹೊಸಾ ಮಶೀನ್ ಹಾಕ್ಯಾರ, ಲೋಡ್ ಮ್ಯಾಲೆ ಲೋಡ್ ಹೋಗ್ತೈತಿ."

ಬಾಜೂದವರು ಇವರ ಬಗ್ಗೆ ಅದನ್ನೇ ಹೇಳಿದರು. ನನಗೆ ದಾರಿ ಸಿಕ್ಕಿತು. ಇವರದನ್ನು ಅವರಲ್ಲಿ ಕೇಳಿ, ಅವರದನ್ನು ಇವರಲ್ಲಿ ಕೇಳಿ, ಗಿರಣಿಯ ಹಿಂದೆ ಹೋಗಿ ಭತ್ತದ ಹೊಟ್ಟಿನ ಗುಡ್ಡೆ ಎಷ್ಟು ದೊಡ್ಡದೆಂದು ನೋಡಿ, ಧಂದೆ ಎಷ್ಟೆಂದು ಬರೆದೆ. ಬರೆದದ್ದನ್ನು ತೋರಿಸಿದಾಗ ಒಬ್ಬರು ಕೆಂಪಗಾದರು.

"ನಮ್ಮ ಗಿರಣಿ ಗುಟ್ಟು ಯಾರು ಹೇಳ್ಯಾರ?"

"ಹೊಟ್ಟಿನ ಗುಡ್ಡಿ ಹೇಳೈತ್ರಿ. ಸುಳ್ಳಿದ್ರ ಹೇಳ್ರಿ, ಗೀಟು ಹೊಡೆದು ಹಾಕ್ತೀನಿ."

ಅವರು ಹಾಳೆ ತಿರುವಿ ಪಕ್ಕದವರದನ್ನು ಓದಿದರು. "ನಮ್ಮದು ಇರ್ಲಿ ಬಿಡ್ರಿ. ಅವರ ಗುಡ್ಡಿ ಇದಕ್ಕಿಂತ ದೊಡ್ಡದೈತಿ, ಅದನ್ನ ಸರಿಯಾಗಿ ಬರೀರಿ!"

ಮಾಲಕರ ಹೆಸರು

ಯಲಬುರ್ಗಾದಲ್ಲಿ ಖಾರ ಕುಟ್ಟುವ ಗಿರಣಿ. ಬೆಲ್ಟ್ ಏರಿಸುವವರು, ಮೆಣಸಿನಕಾಯಿ ಆರಿಸುವವರು, ಗಿರಾಕಿಗಳನ್ನು ಬೈಯುವವರು, ಎಲ್ಲ ಒಬ್ಬರೇ ಅಕ್ಕ.

"ಮಾಲಕರು ಯಾರ್ರಿ ಅಕ್ಕಾರ?"

"ನಮ್ಮ ಮನಿಯವರು."

"ಅವರು ಏನು ಕೆಲಸ ಮಾಡ್ತಾರ್ರಿ?"

"ಹೇಳಿದ್ನಲ್ಲವಾ, ಮಾಲಕರು ಅಂತ."

ನಾನು ಮಾಲಕರ ಕಾಲಮ್ಮಿನಲ್ಲಿ ಅಕ್ಕನ ಹೆಸರೇ ಬರೆದೆ. "ಅವರು ಸಿಟ್ಟಾದ್ರ?" ಎಂದೆ.

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡರು. "ಜಗಳಾಡಾಕರ ಇಲ್ಲಿಗೆ ಬರ್ತಾರ. ಗಿರಣಿ ಎಲ್ಲೈತಿ ಅಂತ ಗೊತ್ತಾಗ್ಲಿ ಬಿಡು."

ಕುಷ್ಟಗಿಯ ಕಲ್ಲಿನ ಕಾರ್ಖಾನೆ

ಕುಷ್ಟಗಿ ಸಮೀಪ ಗ್ರಾನೈಟ್ ಪಾಲಿಶ್ ಮಾಡುವ ಒಂದು ಕಾರ್ಖಾನೆ. ನಮ್ಮ ಮ್ಯಾನೇಜರರು ಫೋನಿನಲ್ಲೇ ಕೇಳಿ, "ಭರ್ಜರಿಯಾಗಿ ನಡೆಯುತ್ತಿದೆ" ಎಂದು ಪುಟ ತಯಾರು ಮಾಡಿದ್ದರು. ನಾನು ಹೋಗಿ ನೋಡಿದೆ. ಬೋರ್ಡ್ ಇತ್ತು, ಶೆಡ್ಡಿನ ತುಂಬ ಆಡುಗಳಿದ್ದವು.

"ಕಾರ್ಖಾನಿ ಯಾರು ನಡಸ್ತಾರ ಯಜ್ಜಾ?" ಎಂದು ಆಡು ಕಾಯುವ ಮುದುಕನನ್ನು ಕೇಳಿದೆ.

"ನಾ ಕಂಡಂಗ ಆಡೇ ನಡಸ್ತಾವ ನೋಡವಾ."

ಬಂದ್ ಆಗಿದೆ, ಆಡು ಕಟ್ಟಿದ್ದಾರೆ ಎಂದು ಬರೆದೆ. ಆದರೆ ಆ ಕಾರ್ಖಾನೆಯ ಜಾಹೀರಾತು ನಮ್ಮ ಪುಸ್ತಕದ ಹಿಂಬದಿಗೆ ಬರುವುದಿತ್ತು. "ಈ ಪುಟ ಹರೀರಿ, ಇಲ್ಲಾ ನೌಕರಿ ಬಿಡ್ರಿ" ಅಂದರು ಮ್ಯಾನೇಜರರು.

ಪುಟವನ್ನು ಫಾರಂ ಕಟ್ಟಿನೊಳಗೆ ಸೇರಿಸಿದೆ. "ಹರಿಯಂಗಿಲ್ರಿ. ನೀವ ಬಂದು ನೋಡ್ರಿ."

ಜಗಳ ಸಂಸ್ಥೆಯ ಯಜಮಾನರ ಕಿವಿಗೆ ಬಿತ್ತು. "ನಡೀರಿ, ನೋಡೇ ಬಿಡೋಣು" ಅಂದರು. ಕೊನೆಗೆ ನನ್ನ ಪುಟವೇ ಅಚ್ಚಾಯಿತು, ನೌಕರಿಯೂ ಉಳಿಯಿತು. ಉಳಿಸಿದವನು ಆ ಕಾರ್ಖಾನೆಯ ಒಬ್ಬ ಕೆಲಸಗಾರ.

ಆದದ್ದು ಹೀಗೆ: ಯಜಮಾನರು, ಮ್ಯಾನೇಜರರು, ನಾನು ಬರುವ ಸುದ್ದಿ ಕಾರ್ಖಾನೆಗೆ ಮೊದಲೇ ಮುಟ್ಟಿತ್ತು. ಆಡು ಮಾಯ, ಶೆಡ್ ತೊಳೆದಿದ್ದರು. ಹೊಸ ಟೊಪ್ಪಿಗೆ ಹಾಕಿಕೊಂಡ ಮಂದಿ ಸಾಲಾಗಿ ನಿಂತಿದ್ದರು. "ಈಗೇನಂತೀರಿ?" ಎಂದು ಮ್ಯಾನೇಜರರು ಹುಬ್ಬು ಹಾರಿಸಿದರು. ನಾನು ಸೀದಾ ಮಶೀನಿನ ಪಕ್ಕ ನಿಂತವನ ಹತ್ತಿರ ಹೋದೆ.

"ಯಾವಾಗಿಂದ ಕೆಲಸಕ್ಕ ಇದ್ದೀರಿ ಅಣ್ಣಾರ?"

"ಮುಂಜಾನೆ ಸೇರೀನವಾ."

"ಏನು ಕೆಲಸರಿ?"

"ನೀವು ಬಂದಾಗ ನಿಂದ್ರೋದು."

ನಮ್ಮ ಯಜಮಾನರು ತಡೆಯಲಾರದೆ, "ಮತ್ತ ನಾಳಿಗೆ?" ಎಂದರು.

ಅವನು ಟೊಪ್ಪಿಗೆ ತೆಗೆದು ವಿನಯದಿಂದ ಹೇಳಿದ: "ಇವತ್ತ ಸಂಜೀಕ ರಿಟೈರ್ ಆಗ್ತೀನ್ರಿ ಸಾಹೇಬ್ರ."