ನನ್ನ ಕುಂಚದ ಕಿತಾಪತಿಗಳು

ಸುಮ್ಮನೆ ಕೂತು ಚಿತ್ರ ಬರೆಯುವವನಿಗೆ ತೊಂದರೆ ಎಲ್ಲಿಂದ ಬರಬೇಕು ಅಂತ ಕೇಳುವವರಿದ್ದಾರೆ. ನನಗಂತೂ ಕುಂಚವನ್ನು ಬಣ್ಣದಲ್ಲಿ ಅದ್ದುವ ಮೊದಲೇ ತೊಂದರೆ ಬಂದು, ಎದುರಿಗೆ ಕುರ್ಚಿ ಹಾಕಿಕೊಂಡು ಕೂತಿರುತ್ತದೆ.

ನನ್ನ ಮನೆ ಇಂಡಿಯಲ್ಲಿ. ಪಂಕ್ಚರ್ ಅಂಗಡಿಯ ಬೋರ್ಡಿನಿಂದ ಶುರು ಮಾಡಿ, ಟ್ರ್ಯಾಕ್ಟರ್ ಹಿಂದೆ ನವಿಲು ಬರೆದು, ಫ್ಲೆಕ್ಸ್ ಬಂದು ಬೋರ್ಡಿನ ಕೆಲಸ ನಿಂತ ಮೇಲೆ ಮನುಷ್ಯರ ಮುಖಕ್ಕೆ ಕೈ ಹಾಕಿದವನು ನಾನು. ಚಿತ್ರಕಲೆ ಕಲಿಸುವ ಯಾವ ಶಾಲೆಯ ಮೆಟ್ಟಿಲನ್ನೂ ಹತ್ತಿಲ್ಲ.

ಗುರು ಯಾರು?

ನನ್ನ ಮೊದಲ ಪ್ರದರ್ಶನ ಸಿಂದಗಿಯಲ್ಲಿ, ರಜೆಯಲ್ಲಿ ಖಾಲಿಯಿದ್ದ ಶಾಲೆಯ ಒಂದು ಕೋಣೆಯಲ್ಲಿ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬೆಳಗಿನಿಂದ ಬಾಗಿಲಲ್ಲಿ ನಿಂತಿದ್ದೆ. ಮೊದಲು ಬಂದವರೊಬ್ಬರು, "ಆಧಾರ ಕಾರ್ಡ್ ತಿದ್ದೂದು ಇಲ್ಲೇ ಏನ್ರಿ?" ಅಂತ ಕೇಳಿ ಹೋದರು.

ಮಧ್ಯಾಹ್ನ ನಿವೃತ್ತ ಡ್ರಾಯಿಂಗ್ ಮಾಸ್ತರರೊಬ್ಬರು ಬಂದರು. ಕೈ ಹಿಂದೆ ಕಟ್ಟಿಕೊಂಡು ಒಂದೊಂದು ಚಿತ್ರದ ಮುಂದೂ ನಿಂತು, ಕನ್ನಡಕ ಏರಿಸಿ, ಇಳಿಸಿ ನೋಡಿದರು.

"ಯಾರ ಕಡೆ ಕಲ್ತೀರಿ?" ಅಂದರು.

"ಯಾರ ಕಡೆನೂ ಇಲ್ರಿ ಸರ್. ನಾನಽ ಕಲ್ತೇನಿ," ಅಂದೆ, ಎದೆ ಉಬ್ಬಿಸಿ.

ಮಾಸ್ತರರು ದೊಡ್ಡದೊಂದು ನಿಟ್ಟುಸಿರು ಬಿಟ್ಟರು. "ಛಲೋ ಆತ್ ಬಿಡ್ರಿ. ಯಾವ ಮಾಸ್ತರನ ಹೆಸರೂ ಕೆಡಲಿಲ್ಲ."

ನಗುವ ಯಜಮಾನರು

ಮುದ್ದೇಬಿಹಾಳದ ಒಂದು ಮನೆಯವರು ತೀರಿಹೋದ ಯಜಮಾನರ ಚಿತ್ರ ಬೇಕೆಂದು ಕರೆಸಿದರು. ಇದ್ದದ್ದು ಚುನಾವಣೆ ಗುರುತಿನ ಚೀಟಿಯ ಫೋಟೊ ಒಂದೇ. ಅದರಲ್ಲಿ ಮೂಗು ಯಾವುದು, ಮೀಸೆ ಯಾವುದು ಅಂತ ಹೇಳಲು ಬರುತ್ತಿರಲಿಲ್ಲ.

"ಅಪ್ಪಾರ ಮೀಸಿ ದಪ್ಪ ಇತ್ರಿ," ಅಂದ ಹಿರಿಯ ಮಗ.

"ಎಲ್ಲೀದು? ಸಣ್ಣ ಇತ್ತು," ಅಂದ ಕಿರಿಯವನು.

ಅವರಿಬ್ಬರೂ ಮೀಸೆಯ ಮೇಲೆ ಜಗಳಕ್ಕೆ ಬಿದ್ದಿದ್ದಾಗ ಒಳಗಿನಿಂದ ಅವರ ವಯಸ್ಸಾದ ತಾಯಿ ಬಂದು ಮೆಲ್ಲಗೆ ಹೇಳಿದರು: "ಮೀಸಿ ಹೆಂಗರೆ ಇರ್ಲಿ ತಮ್ಮಾ. ನಾ ಲಗ್ನಾಗಿ ಬಂದಾಗಿಂದ ಅವರು ನಕ್ಕಿದ್ದ ನೋಡಿಲ್ಲ. ಒಂದೀಟು ನಗೂ ಹಂಗ ಮಾಡು."

ಆ ಮಾತು ನನ್ನ ಕರುಳಿಗೆ ತಾಗಿತು. ಹತ್ತು ದಿನ ಆ ನಗುವಿನ ಹಿಂದೆಯೇ ಬಿದ್ದೆ. ಚಿತ್ರ ಗೋಡೆಗೇರಿದಾಗ ಅಜ್ಜಿ ಬಹಳ ಹೊತ್ತು ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡರು. ಮಕ್ಕಳೂ ಕಣ್ಣೊರೆಸಿಕೊಂಡರು. ಆಮೇಲೆ ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದರು.

"ಭಾಳ ಛಂದ ಅದಾರ. ಯಾರ ತಮ್ಮಾ ಇವರು?"

ನಾನು ಕುಂಚ ಹುಡುಕುತ್ತ, "ತಿದ್ದಿ ಕೊಡ್ತೇನ್ರಿ ಅಮ್ಮಾ," ಅಂದೆ.

"ಬ್ಯಾಡ ಬ್ಯಾಡ," ಅಂತ ಅಜ್ಜಿ ನನ್ನ ಕೈ ಹಿಡಿದರು. "ಯಾರರೆ ಇರ್ಲಿ. ಇವರಽ ಇರ್ಲಿ."

ಎತ್ತಿನ ಅಣ್ಣ

ಹೂವಿನ ಹಿಪ್ಪರಗಿಯ ರೈತರೊಬ್ಬರು ತಮ್ಮ ಎತ್ತಿನ ಚಿತ್ರ ಬರೆಸಿದರು. ನಾನು ಎತ್ತನ್ನು ನೋಡಿ ಬರೆಯುತ್ತಿದ್ದೆ, ಅವರು ನನ್ನ ಹಾಳೆ ನೋಡಿ ಎತ್ತನ್ನು ತಿದ್ದಿಸುತ್ತಿದ್ದರು. "ಬಲಗೋಡು ಸೊಟ್ಟ ಐತಿ, ಸೀದಾ ಮಾಡ್ರಿ. ಹೆಗಲ ಮ್ಯಾಲಿನ ಡುಬ್ಬ ಒಂಚೂರು ಏರಸ್ರಿ. ಹೊಟ್ಟಿ ಒಳಗ ತಗೋರಿ." ಎತ್ತು ಮೇವು ಮೆಲ್ಲುತ್ತ ಎಲ್ಲಕ್ಕೂ ಒಪ್ಪಿಕೊಂಡಿತ್ತು.

ಕೆಲವು ತಿಂಗಳ ಮೇಲೆ ಎತ್ತು ಮಾರಲು ಹೊರಟ ಅವರು, ನನ್ನ ಚಿತ್ರದ ಫೋಟೊ ತೆಗೆದು ವಾಟ್ಸಾಪಿನಲ್ಲಿ ಬಿಟ್ಟರು. ಕೊಳ್ಳುವವರು ಗಾಡಿ ಮಾಡಿಕೊಂಡು ಬಂದೇಬಿಟ್ಟರು. ಎತ್ತಿನ ಸುತ್ತ ಎರಡು ಸುತ್ತು ಹಾಕಿ, ಮೊಬೈಲು ನೋಡಿ, ಮತ್ತೆ ಎತ್ತನ್ನು ನೋಡಿ ಕೇಳಿದರಂತೆ:

"ಇದು ಇರ್ಲಿ ಬಿಡ್ರಿ ಗೌಡ್ರ. ಇದರ ಅಣ್ಣನ್ನ ಹೊರಗ ತರ್ರಿ."

ಚಾದಂಗಡಿಯ ಋಷಿ

ಬಸವನ ಬಾಗೇವಾಡಿ ತಾಲೂಕಿನ ಒಂದು ಹಳ್ಳಿಯ ಗುಡಿಯ ಗೋಡೆಗೆ, ತಪಸ್ಸಿಗೆ ಕೂತ ಋಷಿಯ ಚಿತ್ರ ಬೇಕಾಗಿತ್ತು. ಎದೆಯವರೆಗೆ ಬೆಳ್ಳಗಿನ ಗಡ್ಡ ಇದ್ದವರು ಊರಲ್ಲಿ ಒಬ್ಬರೇ, ಚಾದಂಗಡಿಯ ಕಾಕಾ. ಅವರಂಥ ಸಿಡುಕರು ಸುತ್ತ ಹತ್ತು ಹಳ್ಳಿಯಲ್ಲಿ ಇರಲಿಲ್ಲ. ಚಾ ಕೇಳಿದವರಿಗೆ ಬೈಗುಳ ಮೊದಲು, ಚಾ ಆಮೇಲೆ. ಆದರೂ ಕಾಡಿ ಬೇಡಿ, ಬೇವಿನ ಗಿಡದ ಕೆಳಗೆ ಕಣ್ಣು ಮುಚ್ಚಿಸಿ ಕೂಡಿಸಿದೆ. ಕಾಕಾ ಐದೇ ನಿಮಿಷದಲ್ಲಿ ನಿದ್ದೆಹೋದರು. ನಿದ್ದೆಯಲ್ಲಿ ಆ ಮುಖದ ಮೇಲೆ ಎಂಥ ಶಾಂತಿ! ಅವರು ಏಳುವ ಮೊದಲೇ ಹಾಳೆಯ ಮೇಲೆ ಬರೆದುಕೊಂಡು, ಆಮೇಲೆ ಗೋಡೆಗೆ ಇಳಿಸಿದೆ. ಅಷ್ಟು ಒಳ್ಳೆಯ ಮುಖ ನನ್ನ ಕೈಯಿಂದ ಅದುವರೆಗೆ ಬಂದಿರಲಿಲ್ಲ.

ಪೂಜೆಯ ದಿನ ಪರದೆ ಸರಿಸಿದ ಕೂಡಲೇ ಯಾರೋ ಕೂಗಿದರು: "ಏ, ನಮ್ಮ ಚಾದಂಗಡಿ ಕಾಕಾ!" ಗುಡಿಯೆಲ್ಲ ನಗೆ. ಕಾಕಾನ ಹೆಂಡತಿ ತಂದ ತೆಂಗಿನಕಾಯಿ ಹಿಡಿದುಕೊಂಡೇ ಹಿಂದಿರುಗಿದರು. "ಮನ್ಯಾಗ ಬೈಸ್ಕೊಂಡು, ಇಲ್ಲಿ ಬಂದು ಕೈ ಮುಗೀಲೇನು? ನನ್ನ ಕಡಿಂದ ಆಗೂದಿಲ್ಲ!"

ಇತ್ತ ಕಾಕಾನ ತಲೆಗೆ ಋಷಿ ಏರಿಬಿಟ್ಟ. ಚಾ ಕೇಳಿದವರಿಗೆ ಕೈ ಎತ್ತಿ ಆಶೀರ್ವಾದ ಮಾಡತೊಡಗಿದರು. ಮೂರು ದಿನ ಊರಿಗೆ ಚಾ ಇಲ್ಲ.

ಊರ ಹಿರಿಯರು ನನ್ನನ್ನು ಕರೆಸಿದರು. "ಮುಖ ಅಳಿಸಿ ಬ್ಯಾರೆ ಬರೀರಿ," ಅಂದರು. ನನ್ನ ಜೀವವೇ ಹೋದಂತಾಯಿತು. "ಕೈ ಮುಗೀತೇನ್ರಿ, ಅದೊಂದು ಬ್ಯಾಡ್ರಿ. ಅಂಥಾ ಮುಖ ಮತ್ತ ನನ್ನ ಕಡಿಂದ ಬರೂದಿಲ್ಲ," ಅಂತ ಅತ್ತೇಬಿಟ್ಟೆ. ಆಗ ಮೂಲೆಯಲ್ಲಿದ್ದ ಒಬ್ಬ ಮುದುಕರು ಎಲೆ ಅಡಿಕೆ ಉಗುಳಿ ಬಂದು ಅಂದರು:

"ಗ್ವಾಡಿ ಯಾಕ ಕೆಡಸ್ತೀರೋ? ಗಡ್ಡ ಬೋಳಸ್ರಿ."

ನಾಲ್ಕು ಜನ ಹಿಡಿದುಕೊಂಡು ಹೋಗಿ ಕಾಕಾನನ್ನು ಕಟಿಂಗ್ ಅಂಗಡಿಯ ಕುರ್ಚಿಯಲ್ಲಿ ಕೂಡಿಸಿದರು. ಬೈಗುಳ ಬಸ್ ಸ್ಟ್ಯಾಂಡಿನವರೆಗೂ ಕೇಳಿಸುತ್ತಿತ್ತು. ಗಡ್ಡ ಹೋಯಿತು, ನನ್ನ ಋಷಿ ಉಳಿದ.

ಮುಂದಿನ ಸೋಮವಾರ ನಾನು ಗುಡಿಯಲ್ಲಿದ್ದಾಗ ಕಾಕಾನ ಹೆಂಡತಿ ಬಂದರು, ಹಿಂದೆ ನುಣ್ಣಗಿನ ಗದ್ದದ ಕಾಕಾ. ಆಕೆ ಋಷಿಯ ಮುಂದೆ ಕಾಯಿ ಒಡೆದು, ಕಣ್ಣು ಮುಚ್ಚಿ, ಬಹಳ ಹೊತ್ತು ಕೈ ಮುಗಿದರು. ಆಮೇಲೆ ಗಂಡನ ಕಡೆ ತಿರುಗಿದರು.

"ಸುಮ್ಮ ನಿಂತೀರೇನು? ಕೈ ಮುಗೀರಿ. ಅವರ ಗುಣ ನಿಮಗೂ ಒಂದೀಟು ಬರ್ಲಿ!"