ಹಳೇ ಲಿಫ್ಟಿಗೆ ಹೊಸ ಬಣ್ಣ

"ಯಾರ್ ಹೇಳಿದ್ದು ನಿಮಗೆ ಬಣ್ಣ ಬಳಿಯೋಕೆ? ಹೇಳಿ ಅತ್ತಿಗೆ, ಯಾರ್ ಹೇಳಿದ್ದು?"

ಲಿಫ್ಟಿನ ಮೇಲ್ವಿಚಾರಕ ತೊಕುಜಿಯ ಕೂಗಿಗೆ ಎದುರು ಬೆಟ್ಟದ ಕಾಗೆಗಳು ಎದ್ದು ಹಾರಿದವು. ಅತ್ತಿಗೆ ಉಮೆಯೊ ಮಾತ್ರ ಅಲುಗಲಿಲ್ಲ. ಹಿನೊಸವಾ ಹಳ್ಳಿಯ ಹೆಂಗಸರ ಸಂಘಕ್ಕೆ ಹದಿನೆಂಟು ವರ್ಷದಿಂದ ಅವಳೇ ಅಧ್ಯಕ್ಷೆ. ಕೈಯಲ್ಲಿ ಹಸಿರು ಬಣ್ಣದ ಡಬ್ಬ ಹಿಡಿದೇ ಮೈದುನನಿಗೆ ಎದುರುನಿಂತಳು.

"ಕಿರುಚಬೇಡ. ಹತ್ತು ಗಂಟೆ ಬಸ್ಸಿಗೆ ಲಿಫ್ಟ್ ಪರೀಕ್ಷೆಗೆ ಸಾಹೇಬ್ರು ಬರ್ತಾರೆ. ಬಂದೋರಿಗೆ ತುಕ್ಕು ತೋರಿಸ್ತಾರೇನೋ? ನಿಮ್ಮಣ್ಣನ ಮಾನ ಏನಾಗ್ಬೇಕು?"

"ತುಕ್ಕು ನೋಡೋಕೇ ಅವರು ಬರ್ತಿರೋದು! ಲಿಫ್ಟ್ ಫೇಲಾದ್ರೆ ತಾನೆ ಹೊಸದಕ್ಕೆ ದುಡ್ಡು ಬರೋದು? ಹೊಸದು ಬೇಕು ಅಂತ ಊರ ಸಭೇಲಿ ಕೈ ಎತ್ತಿದ್ರಿ ಅಲ್ವಾ?"

"ಎತ್ತಿದ್ದೆ. ಈಗ್ಲೂ ಬೇಕು. ಹಾಗಂತ ಹೊಲಸು ತೋರ್ಸೋಕಾಗುತ್ತಾ?"

ತಂತಿಗೆ ತೂಗುಬಿಟ್ಟ ಕುರ್ಚಿಗಳಲ್ಲಿ ಜನರನ್ನು ಬೆಟ್ಟಕ್ಕೆ ಹತ್ತಿಸುವ ಲಿಫ್ಟಿನತ್ತ ತೊಕುಜಿ ನೋಡಿದ. ನಲವತ್ತಾರು ವರ್ಷದ ಮುದಿ ಲಿಫ್ಟು ಮದುಮಗಳ ಹಾಗೆ ನಿಂತಿತ್ತು. ಒಬ್ಬೊಬ್ಬರೇ ಕೂರುವ ಎಂಬತ್ತು ಕುರ್ಚಿಗಳಿಗೂ ಹೂವಿನ ಬಟ್ಟೆಯ ದಿಂಬು ಹೊಲಿದು ಕಟ್ಟಿದ್ದರು. ಕಂಬ, ಕುರ್ಚಿಯ ಸರಳುಗಳೆಲ್ಲ ಹಸಿ ಬಣ್ಣದಿಂದ ಹಸಿರು. ಕಮರಿಯ ಅಂಚಿನ ಏಳನೇ ಕಂಬದ ಬುಡದಲ್ಲಿ ಅಂಗೈ ತೂರುವಷ್ಟು ಬಿರುಕಿತ್ತು. ಅದಕ್ಕೆ ಸಿಮೆಂಟ್ ಮೆತ್ತಿ, ಮುಂದೆ ಸೇವಂತಿಗೆಯ ಕುಂಡ ಇಟ್ಟಿದ್ದರು.

ಹೋದ ಫೆಬ್ರವರಿಯಲ್ಲಿ ಇದೇ ಲಿಫ್ಟು ಹಿಮಗಾಳಿಯ ನಡುವೆ ನಿಂತುಹೋಗಿ ಹನ್ನೊಂದು ಜನ ಎರಡು ಗಂಟೆ ನೇತಾಡಿದ್ದರು. ತೊಕುಜಿ ಒಬ್ಬೊಬ್ಬರನ್ನೇ ಹಗ್ಗ ಕಟ್ಟಿ ಇಳಿಸಿದ್ದ. ಶಾಲೆಯ ಟೀಚರಮ್ಮನ ಎರಡು ಕಾಲ್ಬೆರಳು ಚಳಿಗೆ ಸತ್ತು, ಕತ್ತರಿಸಬೇಕಾಯಿತು. ಅಂದಿನಿಂದ ಅವನಿಗೆ ನಿದ್ದೆಯಿಲ್ಲ. ಈ ಚಳಿಗಾಲ ಇಳಿಸುವುದು ಬೆರಳು ಹೋದವರನ್ನಲ್ಲ, ಹೆಣವನ್ನು ಎಂದು ಅವನಿಗೆ ಖಾತ್ರಿಯಾಗಿತ್ತು. ಹೊಸ ಲಿಫ್ಟಿಗೆ ಪ್ರಾಂತ್ಯ ಸರ್ಕಾರದವರು ದುಡ್ಡು ಕೊಡುವುದು ಇದೇ ವರ್ಷ ಕೊನೆ. ಇವತ್ತು ಹಳೇದು ಪಾಸಾದರೆ ಮುಗಿಯಿತು.

ಯಂತ್ರದ ಕೋಣೆಯಿಂದ ಗೆನ್ಸಾಕು ತಾತ ಮೈಯೆಲ್ಲ ಗ್ರೀಸು ಮಾಡಿಕೊಂಡು ಹೊರಬಂದ. ತೊಕುಜಿಗಿಂತ ಮೊದಲು ಲಿಫ್ಟು ನೋಡಿಕೊಳ್ಳುತ್ತಿದ್ದವನು, ವಯಸ್ಸು ಎಂಬತ್ತೊಂದು.

"ಗಿಯರಿಗೆ ಹೊಸಾ ಬೇರಿಂಗ್ ಹಾಕ್ದೆ ಕಣೋ. ಇಪ್ಪತ್ತು ವರ್ಷದಿಂದ ಮನೇಲಿ ಎಣ್ಣೆ ಬಟ್ಟೇಲಿ ಸುತ್ತಿಟ್ಟಿದ್ದೆ."

"ಇಪ್ಪತ್ತು ವರ್ಷ! ಹೋದ ತಿಂಗ್ಳು ನಿನ್ನ ಕಾಲು ಹಿಡ್ಕೊಂಡು ಕೇಳಿದ್ನಲ್ಲೋ ತಾತ!"

"ಅವತ್ತು ನೆಂಟ್ರು ಯಾರಿದ್ರು?"

ತೊಕುಜಿ ಸಿಮೆಂಟು ಕೀಳಲು ಗುದ್ದಲಿ ಹಿಡಿದು ಓಡಿದ. ಅಷ್ಟರಲ್ಲಿ ಬಸ್ಸು ಬಂತು.

ಪರೀಕ್ಷೆಗೆ ಬಂದ ಕುನಿಎದಾ ಸಾಹೇಬರು ಇಸ್ತ್ರಿ ಮಾಡಿದ ಕರವಸ್ತ್ರದಂಥ ಮನುಷ್ಯ. ಮೂರು ಸಲ ಬಾಗಿ ನಮಸ್ಕರಿಸಿದರು. ತೊಕುಜಿ ನಾಲ್ಕು ಸಲ ಬಾಗಿ ನೇರ ಮಾತಿಗೆ ಬಂದ.

"ಸಾಹೇಬ್ರೇ, ಇದು ದರಿದ್ರ ಲಿಫ್ಟು. ಯಾವತ್ತು ಬೇಕಾದ್ರೂ ಕಳಚಿ ಬೀಳುತ್ತೆ."

ಸಾಹೇಬರ ಮುಖ ಅರಳಿತು. "ಛೆ ಛೆ, ಹಾಗನ್ನಬೇಡಿ. ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀರಿ!"

ಕೆಟ್ಟಿತು, ಎಂದುಕೊಂಡ ತೊಕುಜಿ. ಮೂರು ದಿನ ಅಡುಗೆ ಮಾಡಿ 'ಏನೂ ಮಾಡಿಲ್ಲ, ತಿನ್ನಿ' ಎನ್ನುವ ಜನ ನಾವು. ಬುದ್ಧಿವಂತ ಮಗನನ್ನು ದಡ್ಡ ಎಂದೇ ಪರಿಚಯಿಸುತ್ತೇವೆ. ಇಂಥ ಊರಲ್ಲಿ ನಿಜವಾಗಿ ಕೆಟ್ಟದ್ದನ್ನು ಕೆಟ್ಟದ್ದೆಂದು ಹೇಳುವುದು ಹೇಗೆ?

"ಮರ್ಯಾದೆಗೆ ಹೇಳ್ತಿಲ್ಲ ಸಾಹೇಬ್ರೇ! ನಿಜವಾಗ್ಲೂ ದರಿದ್ರ!"

"ಎಂಥ ವಿನಯ," ಎಂದು ಸಾಹೇಬರು ಪುಸ್ತಕದಲ್ಲಿ ಏನೋ ಬರೆದುಕೊಂಡರು.

ತೊಕುಜಿ ಮೋಟಾರಿನ ಗುಂಡಿ ಒತ್ತಿದ. ದಿನವೂ ನಾಲ್ಕು ಸಲ ಕೆಮ್ಮಿ, ಒಂದು ಸಲ ಹೊಗೆ ಕಾರಿ, ಆಮೇಲೆ ಏಳುತ್ತಿದ್ದ ಮೋಟಾರು ಇವತ್ತು ಬೆಕ್ಕಿನ ಮರಿಯಂತೆ ಗುರುಗುಟ್ಟಿತು. ಹಲ್ಲು ಕಡಿಯುತ್ತ ದಾಖಲೆ ಪುಸ್ತಕ ತಂದು ಮುಂದೆ ಹಿಡಿದ. ಹೋದ ಚಳಿಗಾಲ ಹದಿನಾಲ್ಕು ಸಲ ನಿಂತದ್ದು, ಹನ್ನೊಂದು ಜನ ನೇತಾಡಿದ್ದು, ಟೀಚರಮ್ಮನ ಬೆರಳು, ಎಲ್ಲ ಅದರಲ್ಲಿತ್ತು.

ಸಾಹೇಬರು ಓದಿ ಕನ್ನಡಕ ತೆಗೆದು ಒರೆಸಿಕೊಂಡರು. "ಬೇರೆ ಕಡೆ ಮುಚ್ಚಿಡ್ತಾರೆ. ನೀವು ಒಂದೂ ಬಿಡದೆ ಬರೆದಿದ್ದೀರಿ. ಇಂಥ ಪ್ರಾಮಾಣಿಕರ ಕೈಲಿರೋ ಲಿಫ್ಟಿಗೆ ಏನೂ ಆಗಲ್ಲ."

"ಆಗಿದೆ ಅಂತ್ಲೇ ಬರೆದಿರೋದು!"

"ಇದರಲ್ಲಿ ಏಳನೇ ಕಂಬ ಅಂತ ಬರೆದಿದ್ದೀರಿ, ನೋಡೋಣವೇ?" ಎಂದರು ಸಾಹೇಬರು.

ಕೊನೆಯ ಆಸೆ ಅದೊಂದೇ. ಸಾಹೇಬರು ಮುಂದಿನ ಕುರ್ಚಿಯಲ್ಲಿ, ತೊಕುಜಿ ಹಿಂದಿನದರಲ್ಲಿ ಕೂತರು. ಕೆಳಗೆ ಕೆಂಪು ಎಲೆಗಳ ಕಾಡು ಜಾರುತ್ತಿತ್ತು. ತೊಕುಜಿ ಸಾಹೇಬರ ಬೆನ್ನಿಗೆ ಕೂಗಿ ಹೇಳಿದ: "ಆ ಹೂವಿನ ಕುಂಡದ ಹಿಂದೆ ಬಿರುಕಿದೆ! ನಿನ್ನೆವರೆಗೂ ಬಾಯಿ ತೆರ್ಕೊಂಡಿತ್ತು!"

"ಸೇವಂತಿಗೆ ಬಹಳ ಚೆನ್ನಾಗಿದೆ!" ಎಂದು ಬೆನ್ನು ಉತ್ತರಿಸಿತು.

ಆಗಲೇ ಲಿಫ್ಟು ಗಕ್ಕನೆ ನಿಂತಿತು.

ಕುರ್ಚಿಗಳು ಮುಂದಕ್ಕೂ ಹಿಂದಕ್ಕೂ ತೂಗಿದವು. ಕಾಲ ಕೆಳಗೆ ಹದಿನೈದು ಆಳು ಆಳದ ಕಮರಿ. ಗಾಳಿ ಬೀಸಿದಾಗಲೆಲ್ಲ ಏಳನೇ ಕಂಬ ಕಿರ್ರೆಂದು ನರಳಿತು. ಹಸಿ ಸಿಮೆಂಟಿನ ಒಂದು ಹೆಂಟೆ ಕಳಚಿ ಕಮರಿಗೆ ಬಿತ್ತು. ಅದು ನೆಲ ಮುಟ್ಟಿದ ಸದ್ದೇ ಕೇಳಲಿಲ್ಲ. ಸಾಹೇಬರು ಎರಡೂ ಕೈಯಲ್ಲಿ ಕುರ್ಚಿಯ ಸರಳನ್ನು ತಬ್ಬಿಕೊಂಡರು. ತೊಕುಜಿಗೂ ಜೀವ ಬಾಯಿಗೆ ಬಂದಿತ್ತು. ಆದರೂ ಒಳಗೊಳಗೇ ಕುಣಿಯುತ್ತಿದ್ದ. ಫೇಲ್! ಇದಕ್ಕಿಂತ ಚೆನ್ನಾಗಿ ಫೇಲಾಗುವುದು ಸಾಧ್ಯವೇ ಇರಲಿಲ್ಲ.

"ಹೆದರ್ಬೇಡಿ ಸಾಹೇಬ್ರೇ! ಅಲುಗಾಡ್ಬೇಡಿ! ಕೆಳಗೆ ಕೈಯಲ್ಲಿ ತಿರುಗಿಸೋ ಎಂಜಿನ್ ಇದೆ!"

ಗೆನ್ಸಾಕು ತಾತ ಆ ಎಂಜಿನ್ ತಿರುಗಿಸಿ, ಕುರ್ಚಿಗಳು ಅಂಗುಲ ಅಂಗುಲವಾಗಿ ಹಿಂದೆ ಸರಿದು, ಇಬ್ಬರೂ ನೆಲ ಮುಟ್ಟುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು. ಸಾಹೇಬರ ತುಟಿ ಬಿಳಿಚಿತ್ತು, ಎರಡೂ ಅಂಗೈ ಹಸಿರಾಗಿತ್ತು.

ಉಮೆಯೊ ಓಡಿಬಂದು ನೆಲಕ್ಕೆ ಹಣೆ ಹಚ್ಚಿದಳು. "ತಪ್ಪಾಯ್ತು ಸಾಹೇಬ್ರೇ! ನಿಮಗೆ ಅಣಬೆ ಅನ್ನ ಬಿಸಿಬಿಸಿ ಇರ್ಲಿ ಅಂತ ಸಂಘದ ದೊಡ್ಡ ಕುಕ್ಕರನ್ನ ಲಿಫ್ಟಿನ ಪ್ಲಗ್ಗಿಗೆ ಹಾಕ್ದೆ. ಫ್ಯೂಸ್ ಹಾರ್ತು!"

"ಹಾಗಾದ್ರೆ ಲಿಫ್ಟಿನ ತಪ್ಪಲ್ಲ," ಎಂದರು ಸಾಹೇಬರು. ದನಿ ಇನ್ನೂ ನಡುಗುತ್ತಿತ್ತು. "ಕರೆಂಟ್ ಹೋದ ಕ್ಷಣವೇ ಬ್ರೇಕ್ ಹಿಡೀತು. ಒಂದು ಗೇಣೂ ಹಿಂದೆ ಜಾರಲಿಲ್ಲ. ತೊಕುಜಿಯವರೂ ನನ್ನ ಧೈರ್ಯ ಕೆಡದಂತೆ ನೋಡಿಕೊಂಡರು. ಪಾಸ್."

ಎಲ್ಲರೂ ಲಿಫ್ಟಿನ ಕಚೇರಿಯೊಳಗೆ ಬಂದರು. ತೊಕುಜಿ ಬೆಂಚಿನ ಮೇಲೆ ಕುಸಿದ. ಸಾಹೇಬರು ಮೇಜಿನ ಮುಂದೆ ಕೂತು ಬರೆದರು, ಕೆಂಪು ಮೊಹರು ಒತ್ತಿದರು, ಎದ್ದು ನಿಂತು ಎಲ್ಲರೆದುರು ಓದಿದರು: "ಮೇಲ್ವಿಚಾರಕ ತೊಕುಜಿಯವರ ಶ್ರದ್ಧೆಯನ್ನು ನೋಡಿ, ಅವರು ಕೆಲಸದಲ್ಲಿ ಇರುವವರೆಗೆ ಈ ಲಿಫ್ಟನ್ನು ಓಡಿಸಲು ಅನುಮತಿ ನೀಡಲಾಗಿದೆ. ಅವರು ಬಿಟ್ಟ ದಿನವೇ ಅನುಮತಿ ರದ್ದು; ಲಿಫ್ಟನ್ನು ಕಳಚಿ ಹೊಸದನ್ನು ಹಾಕತಕ್ಕದ್ದು."

ಹೆಂಗಸರು ಚಪ್ಪಾಳೆ ತಟ್ಟಿದರು. "ನೋಡೋ, ನಿನ್ನ ಹೆಸ್ರು ಸರ್ಕಾರಿ ಕಾಗದದಲ್ಲಿ!" ಎಂದು ಅತ್ತಿಗೆ ಕಣ್ಣೊರೆಸಿಕೊಂಡಳು.

ತೊಕುಜಿ ಕಾಗದ ಇಸಿದುಕೊಂಡು ಎರಡು ಸಲ ಓದಿದ.

"ಸಾಹೇಬ್ರೇ, ಇದು ಮರ್ಯಾದೆಗೆ ಬರೆದಿದ್ದೋ, ನಿಜವಾಗ್ಲೂ ಬರೆದಿದ್ದೋ?"

"ಮರ್ಯಾದೆಗೆ ಯಾರಾದರೂ ಮೊಹರು ಒತ್ತುತ್ತಾರೆಯೇ?"

ತೊಕುಜಿಗೆ ಐವತ್ತೇಳು ವರ್ಷ. ಮೂವತ್ತೊಂದು ಚಳಿಗಾಲ ಇದೇ ಬೆಟ್ಟದ ಬುಡದಲ್ಲಿ ಕಳೆದವನು. ಬೇರೆ ಕಸುಬು ಗೊತ್ತಿಲ್ಲ. ಎದ್ದು ಟೊಪ್ಪಿಗೆ ತೆಗೆದ. ಸೊಂಟದ ಬೀಗದಕೈ ಗೊಂಚಲನ್ನು ಕಾಗದದ ಮೇಲಿಟ್ಟ.

"ಈ ಕೆಲ್ಸಕ್ಕೆ ನಾನು ಲಾಯಕ್ಕಲ್ಲ. ಬಿಟ್ಟಿದ್ದೀನಿ."

"ಎಂಥ ವಿನಯ!" ಎಂದರು ಸಾಹೇಬರು. ಮತ್ತೆ ಚಪ್ಪಾಳೆ ಬಿತ್ತು.

ತೊಕುಜಿ ಸೊಂಟ ಮುರಿಯುವಷ್ಟು ಬಾಗಿ ನಮಸ್ಕರಿಸಿ, ಬಾಗಿಲು ದಾಟಿ ಹೋದ.

"ಕೈ ತೊಳ್ಕೊಂಡು ಬರ್ತಾನೆ, ನೀವು ಶುರು ಮಾಡಿ," ಎಂದು ಉಮೆಯೊ ಅನ್ನ ಬಡಿಸಿದಳು. ಮೈದುನನ ಬಟ್ಟಲಿಗೂ ಬಡಿಸಿ ಮುಚ್ಚಿಟ್ಟಳು. ಮೂರು ಗಂಟೆಯಾಯಿತು. ಅನ್ನ ಆರಿತು. "ತೊಕುಜೀ!" ಎಂದು ಅತ್ತಿಗೆ ಬಾಗಿಲಲ್ಲಿ ನಿಂತು ಎರಡು ಸಲ ಕೂಗಿದಳು. ಕೆಳಗಿನ ರಸ್ತೆ ಖಾಲಿಯಿತ್ತು.

ಐದರ ಬಸ್ಸಿನ ಹೊತ್ತಿಗೆ ಗೆನ್ಸಾಕು ತಾತ ಎದ್ದುಹೋಗಿ, ಹೊಸ ಫ್ಯೂಸ್ ಹಾಕಿ ಮತ್ತೆ ಓಡಿಸಿದ್ದ ಮೋಟಾರನ್ನು ಆರಿಸಿದ. ಕುನಿಎದಾ ಸಾಹೇಬರು ಬೀಗದಕೈ ಗೊಂಚಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಕಾಗದದ ಕೆಳಗೆ 'ರದ್ದು' ಎಂದು ಬರೆದು, ಮೊಹರಿನ ಡಬ್ಬಿಯನ್ನು ಮತ್ತೆ ತೆರೆದರು.